ಕೆಳಗೇ ನಿಂತ ಸ್ವರ

"ಗುರುಗಳೇ, ಹಳೆಯ ಹಾಡನ್ನು ಇದ್ದ ಹಾಗೆ ಹಾಡದೆ ಅದರೊಳಗೆ ಗಿಟಾರು ತಂದು ಜಾರಿಸುವುದು ತಪ್ಪಲ್ಲವೇ?" ಎಂದು ಶಿಷ್ಯ ಮುರಿಗೆಪ್ಪ ಕೇಳಿದ.

ಹಿಂದಿನ ಸಂಜೆ ಅವನು ಗುರು ಸಂಗನಬಸಪ್ಪನವರ ಜೊತೆ ಸಂಗೀತ ಕಚೇರಿಗೆ ಹೋಗಿದ್ದ. ಎಲ್ಲರಿಗೂ ಬಾಯಿಪಾಠವಾಗಿರುವ ಹಳೆಯ ಹಾಡೊಂದನ್ನು ವಾದ್ಯವೃಂದದವರು ಹಾಡಿದ್ದರು. ಕೊಳಲಿನ ಜಾಗದಲ್ಲಿ ಪೆಡಲ್ ಸ್ಟೀಲ್ ಗಿಟಾರ್ ನುಡಿದಿತ್ತು. ಗುರುಗಳು ಕಣ್ಣು ಮುಚ್ಚಿ ಕೊನೆಯತನಕ ತಲೆದೂಗಿದ್ದರು. ಮುರಿಗೆಪ್ಪ ಮಾತ್ರ ಹಾಡು ಎಲ್ಲೆಲ್ಲಿ ರೆಕಾರ್ಡಿಗಿಂತ ಬೇರೆಯಾಯಿತು ಎಂದು ಕಾಗದದಲ್ಲಿ ಗುರುತು ಹಾಕಿಕೊಂಡಿದ್ದ.

"ಎಷ್ಟು ತಪ್ಪು ಸಿಕ್ಕವಪ್ಪಾ?"

"ಹನ್ನೊಂದು."

"ಹಾಗಾದರೆ ಪಾಪ, ಹಾಡು ಕೇಳುವುದಕ್ಕೆ ನಿನಗೆ ಪುರುಸೊತ್ತೇ ಸಿಕ್ಕಿರಲಿಕ್ಕಿಲ್ಲ. ಕೂತುಕೋ," ಎಂದು ಗುರುಗಳು ಕತೆ ತೆಗೆದರು.

ಒಂದು ಊರಿನಲ್ಲಿ ಹಾರ್ಮೋನಿಯಂ ರಿಪೇರಿ ಮಾಡುವವನೊಬ್ಬ ಇದ್ದ. ಮುಂದೆ ಅಂಗಡಿ, ಹಿಂದೆ ಮನೆ. ಒಳಗಿನ ಹಿತ್ತಾಳೆಯ ನಾಲಗೆಯನ್ನು ಕೆರೆದು ಕೆರೆದು ಕೆಟ್ಟ ಸ್ವರವನ್ನು ಜಾಗಕ್ಕೆ ತರುವುದು ಅವನ ಕಸುಬು. ಕಿವಿ ಎಷ್ಟು ಚುರುಕೆಂದರೆ, ಕೂದಲೆಳೆಯಷ್ಟು ಕೆಳಗಿದ್ದರೂ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಅಂಥವನಿಗೆ ಹಾಡುವ ಹೆಂಡತಿ ಸಿಕ್ಕಿದ್ದಳು ನೋಡು.

ಅವಳಿಗೆ ಒಂದೇ ಹಾಡು ಇಷ್ಟ. ಅದರ ಪಲ್ಲವಿ "ಬಾ" ಎಂಬ ಮಾತಿನಲ್ಲಿ ಮುಗಿಯುತ್ತದೆ. ರೆಕಾರ್ಡಿನ ಗಾಯಕಿ ಆ "ಬಾ" ಅನ್ನು ನೇರವಾಗಿ ಮೇಲಿನ ಸ್ವರದಲ್ಲಿ ಹಿಡಿದಿದ್ದಾಳೆ. ಇವಳು ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಾ ಹಾಡುವಾಗ ಅಲ್ಲಿಗೆ ಬಂದು ಸ್ವಲ್ಪ ಕೆಳಗೇ ನಿಂತುಬಿಡುತ್ತಿದ್ದಳು. ಅವನು ಅಂಗಡಿಯಿಂದಲೇ "ಬಿತ್ತು ನೋಡು ಸ್ವರ" ಎಂದು ಹಾರ್ಮೋನಿಯಂನ ತಿದಿ ಎಳೆದು, ಸರಿಯಾದ ಸ್ವರದ ಪಟ್ಟಿಯನ್ನು ಒತ್ತುತ್ತಿದ್ದ. ಆ ನಾದ ಕೇಳಿದೊಡನೆ ಅವಳು ಮೆಲ್ಲಗೆ ಜಾರಿ ಹತ್ತಿ ಅದನ್ನು ಕೂಡಿಕೊಳ್ಳುತ್ತಿದ್ದಳು. ಮೂವತ್ತು ವರ್ಷ ಹೀಗೇ ನಡೆಯಿತು. ಇಷ್ಟು ತಿದ್ದಿದರೂ ಕಲಿಯಲಿಲ್ಲವಲ್ಲ ಎಂದು ಅವನು ಗಿರಾಕಿಗಳ ಮುಂದೆ ಹೇಳಿಕೊಂಡು ನಗುತ್ತಿದ್ದ.

ಒಮ್ಮೆ ಅವನು ಪರವೂರಿನ ಭಜನಾಮಂದಿರದ ಕೆಲಸ ಮುಗಿಸಿ ಬಂದಾಗ ಪಕ್ಕದ ಮನೆಯಾಕೆ, "ನೀವಿಲ್ಲದಾಗ ನಿಮ್ಮ ಮನೆಯಾಕೆ ಆ ಹಾಡು ಹಾಡಿದರು. ನಾನು ರೇಡಿಯೋ ಅಂದುಕೊಂಡೆ," ಎಂದಳು. ಒಳ್ಳೆಯ ಹೆಂಗಸು, ಬಾಯಿಮಾತಿಗೆ ಹೊಗಳುತ್ತಾಳೆ ಎಂದುಕೊಂಡು ಅವನು ಮರೆತ.

ಹೆಂಡತಿ ತೀರಿಕೊಂಡಳು. ಅವಳ ದನಿಯನ್ನು ಒಮ್ಮೆ ಕೇಳಬೇಕೆಂದು ಅವನಿಗೆ ಬಹಳ ಆಸೆಯಾಗುತ್ತಿತ್ತು. ರೆಕಾರ್ಡು ಹಾಕಿದ. ಹಾಡು ಬಂತು, ಅವಳು ಬರಲಿಲ್ಲ. ಯಾರು ಯಾರೋ ಹಾಡಿದ್ದನ್ನು ಕೇಳಿದ. ಎಲ್ಲರೂ ರೆಕಾರ್ಡಿನ ಹಾಗೆಯೇ ಸರಿಯಾಗಿ ಹಾಡುತ್ತಿದ್ದರು. ಆಮೇಲಾಮೇಲೆ ಎಲ್ಲಾದರೂ ಆ ಹಾಡು ಶುರುವಾದರೆ ಅವನು ಎದ್ದು ಹೋಗತೊಡಗಿದ.

ಒಂದು ಸಂಜೆ ಅವನು ರಿಪೇರಿ ಮಾಡಿದ ಹಾರ್ಮೋನಿಯಂ ವೇದಿಕೆಯ ಮೇಲಿತ್ತು. ಅದು ಹೇಗೆ ನುಡಿಯುತ್ತದೆಂದು ನೋಡಲು ಹೋಗಿ ಮುಂದಿನ ಸಾಲಿನಲ್ಲೇ ಕುಳಿತಿದ್ದ. ಅಲ್ಲಿ ಒಬ್ಬ ವಾದಕ ಗಿಟಾರನ್ನು ಮೇಜಿನ ಹಾಗೆ ಅಡ್ಡ ಮಲಗಿಸಿಕೊಂಡಿದ್ದ. ತಂತಿಯ ಮೇಲೆ ಉಕ್ಕಿನ ತುಂಡನ್ನು ಜಾರಿಸುತ್ತಾ ಕಾಲಿನಿಂದ ಪೆಡಲು ಒತ್ತುತ್ತಿದ್ದ. ಅದೇ ಹಾಡು ಶುರುವಾಯಿತು. ಇವನು ಏಳುವುದಕ್ಕೆ ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡ. ಗಾಯಕಿ ಪಲ್ಲವಿ ಮುಗಿಸಿದಳು, ಗಿಟಾರು ಅದೇ ಸಾಲನ್ನು ಎತ್ತಿಕೊಂಡಿತು. "ಬಾ" ಎನ್ನುವ ಜಾಗಕ್ಕೆ ಬಂದು ಕೆಳಗೇ ನಿಂತಿತು. ನಿಂತು, ಮೆಲ್ಲಗೆ ಜಾರಿ ಹತ್ತಿತು.

ಅವನು ಏಳಲಿಲ್ಲ. ಅಡುಗೆಮನೆಯ ದನಿಯೇ ಅದು, ಅನುಮಾನವಿಲ್ಲ. ಕಣ್ಣು ತುಂಬಿತು, ಟವೆಲಿನಲ್ಲಿ ಒರೆಸಿಕೊಂಡ.

ಕಾರ್ಯಕ್ರಮ ಮುಗಿದ ಮೇಲೆ ವೇದಿಕೆಯ ಹಿಂದೆ ಹೋಗಿ ಆ ವಾದಕನ ಎದುರು ನಿಂತ. ಸಂತೋಷವಾಯಿತು ಎನ್ನಲು ಹೋದವನು, ಅಭ್ಯಾಸಬಲ, "ಆ ಸ್ವರ ರೆಕಾರ್ಡಿನಲ್ಲಿ ನೇರವಾಗಿದೆ, ನೀವು ಕೆಳಗೆ ನಿಂತಿರಿ," ಎಂದುಬಿಟ್ಟ.

ವಾದಕ ತಂತಿ ಒರೆಸುತ್ತಾ ನಕ್ಕ. "ನೇರವಾಗಿ ಮುಟ್ಟಲು ಬರುತ್ತದೆ ಯಜಮಾನರೇ. ಆದರೆ ನಮ್ಮ ತಬಲಾದವರ ಪೆಟ್ಟು ಬರಲಿ ಎಂದು ಕೆಳಗೇ ಕಾಯುತ್ತೇನೆ. ಅದು ಬಂದ ಮೇಲೆ ಅವರ ಜೊತೆ ಸೇರಿ ಹತ್ತುತ್ತೇನೆ. ಒಬ್ಬನೇ ಹೋಗಿ ಮುಟ್ಟಿದರೆ ಏನು ಚೆಂದ?"

ರಿಪೇರಿಯವನಿಗೆ ಪಕ್ಕದ ಮನೆಯಾಕೆಯ ಮಾತು ನೆನಪಾಯಿತು. ಅವನಿಲ್ಲದಾಗ ಹೆಂಡತಿ ಆ ಸ್ವರವನ್ನು ನೇರವಾಗಿಯೇ ಮುಟ್ಟುತ್ತಿದ್ದಳು. ಅವನಿದ್ದಾಗ ಅವನ ಪಟ್ಟಿಗಾಗಿ ಕಾಯುತ್ತಿದ್ದಳು. ಅವನು ಅಲ್ಲೇ ವಾದ್ಯದ ಪೆಟ್ಟಿಗೆಯ ಮೇಲೆ ಕುಳಿತು, "ದಯವಿಟ್ಟು ಇನ್ನೊಂದು ಸಲ," ಎಂದ.

ವಾದಕ ನುಡಿಸಿದ. ಗಿಟಾರು ಕೆಳಗೆ ನಿಂತಾಗ ಇವನ ಬೆರಳು ತನ್ನ ಮೊಣಕಾಲಿನ ಮೇಲೆ ಆ ಪಟ್ಟಿಯನ್ನು ಒತ್ತಿತು. ಸ್ವರ ಹತ್ತಿ ಬಂತು. ಅವನು ತೃಪ್ತಿಯಿಂದ ಮನೆಯ ದಾರಿ ಹಿಡಿದ. ದಾರಿಯುದ್ದಕ್ಕೂ ಆ ಹಾಡನ್ನೇ ಗುನುಗಿದ. "ಬಾ" ಬಂದಾಗಲೆಲ್ಲ ಕೆಳಗೆ ಒಂದಿಷ್ಟು ನಿಂತು ಮುಂದೆ ಹೋದ.

ಗುರುಗಳು ಕತೆ ನಿಲ್ಲಿಸಿದರು. ಮುರಿಗೆಪ್ಪನ ಕೈಯಲ್ಲಿ ಕಾಗದ ಇನ್ನೂ ಇತ್ತು.

"ಗುರುಗಳೇ, ಅವಳು ಮೂವತ್ತು ವರ್ಷದಲ್ಲಿ ಒಂದು ಸಲವಾದರೂ ಗಂಡನಿಗೆ ಅದನ್ನು ಹೇಳಬಹುದಿತ್ತಲ್ಲ?"

"ದಿನವೂ ಹೇಳುತ್ತಿದ್ದಳಪ್ಪಾ, ಅವನು ತಿದ್ದುತ್ತಿದ್ದ."