ಎದುರು ಹೇಳಿದವರು ಯಾರೂ ಇಲ್ಲ

ಕಟ್ಟಳೆ ಹೇಗೆ ಹುಟ್ಟುತ್ತದೆ ಅನ್ನೋದನ್ನು ಕಲಿಯಲು ಹಾಲಪ್ಪ ಗುರು ಕೊಟ್ರಯ್ಯನ ಹತ್ತಿರ ಬಂದಿದ್ದ.

ರಾಜಧಾನಿಯ ಆದೇಶ ಜಿಲ್ಲೆ, ತಾಲೂಕು ಇಳಿದು ಊರಿಗೆ ಹೇಗೆ ಮುಟ್ಟುತ್ತದೆ, ಊರಸಭೆಯ ಮಾತು ಹೇಗೆ ಠರಾವಾಗಿ ಮೇಲೆ ಹೋಗುತ್ತದೆ, ಎಲ್ಲ ಕಲಿತ. ಕಲಿತು ಹೊಳೆಯ ಆ ದಡದ ದೊಡ್ಡೂರಿಗೆ ಹೋದ. ಪಂಚಾಯಿತಿಯಲ್ಲಿ ಕೂತ.

ಗುರು ಈ ದಡದಲ್ಲೇ ಉಳಿದ. ಹೆಂಡತಿ ತೀರಿಕೊಂಡಿದ್ದಳು. ಗುಡಿಸಲಲ್ಲಿ ಒಬ್ಬರಿಗೆ ಆಗುವಷ್ಟೇ ಅನ್ನ ಬೇಯುತ್ತಿತ್ತು.

ಒಂದು ಸಂಜೆ ಹಾಲಪ್ಪ ಹರಿಗೋಲಿನಲ್ಲಿ ಬಂದ.

"ಹುಲುಗಪ್ಪ, ಇಲ್ಲೇ ಇರು. ಬೇಗ ಬರ್ತೀನಿ," ಎಂದು ಅಂಬಿಗನಿಗೆ ಹೇಳಿ, ಗುರುವಿನ ಕಾಲಿಗೆ ಬಿದ್ದ.

"ಅಯ್ಯಾ, ನನ್ನ ಮೊದಲ ಠರಾವು ಪಾಸಾಯ್ತು."

"ಏನದು?"

"ಈ ಹರಿಗೋಲು ನಿಲ್ಲಿಸೋದು. ಜನ ಕಡಿಮೆ ಇರೋ ಕಡೆ ನಿಲ್ಲಿಸಬಹುದು, ಊರಸಭೆ ಒಪ್ಪಬೇಕು ಅಂತ ಸರ್ಕಾರದ ಆದೇಶ. ಕೆಳಗೆ ಸೇತುವೆ ಇದೆಯಲ್ಲ."

"ಸೇತುವೆ ಸುತ್ತಿ ಬರೋಕೆ ಒಂದು ಹಗಲು ಬೇಕು."

"ಆದ್ರೂ ನೀವು ಕಲಿಸಿದ ಹಾಗೇ ಮಾಡ್ದೆ ಅಯ್ಯಾ. ಎರಡೂ ದಡದಲ್ಲಿ ಡಂಗುರ ಹೊಡೆಸಿದೆ. ಸಭೆಯಲ್ಲಿ ಗಟ್ಟಿಯಾಗಿ ಓದಿದೆ. ಎದುರು ಹೇಳೋರು ಇದ್ದೀರಾ ಅಂತ ಮತ್ತೆ ಮತ್ತೆ ಕೇಳಿದೆ. ಒಬ್ಬರೂ ಏಳಲಿಲ್ಲ. ನಾಳೆ ಬೆಳಗ್ಗೆ ತಾಲೂಕಿಗೆ ಒಯ್ಯಬೇಕು."

ಗುರು ಒಲೆಯ ಕೊಳ್ಳಿ ಸರಿಸಿದ.

"ದುಗ್ಗವ್ವ ಏನಂದಳು?"

ದುಗ್ಗವ್ವ ಪಕ್ಕದ ಗುಡಿಸಲಿನವಳು. ಅವಳ ತಂಗಿ ಆ ದಡದಲ್ಲಿ ಹಾಸಿಗೆ ಹಿಡಿದಿದ್ದಳು. ದಿನಾ ಹೊಳೆ ದಾಟಿ ಹೋಗಿ ಗಂಜಿ ಕುಡಿಸಿ ಬರುತ್ತಿದ್ದಳು.

"ಆಕೆ ಬರಲೇ ಇಲ್ಲ. ನೀವೂ ಬರಲಿಲ್ಲ. ನಿಮ್ಮ ದಾರಿ ನೋಡಿದೆ ಅಯ್ಯಾ."

"ಹುಲುಗಪ್ಪ ಬಂದಿದ್ನಾ?"

"ಬರದೆ? ಹರಿಗೋಲಿನ ವಿಚಾರ, ಅಂಬಿಗನ್ನ ಬಿಟ್ಟು ಸಭೆ ಮಾಡೋದುಂಟಾ? ಬೆಳಗ್ಗೆನೇ ಕರೆಸಿ ಮುಂದಿನ ಸಾಲಲ್ಲಿ ಕೂರಿಸಿದೆ. ಮುಗಿಯೋತನಕ ಏಳಗೊಡಲಿಲ್ಲ."

"ಹರಿಗೋಲು ಎಲ್ಲಿತ್ತು?"

"ಆ ದಡದಲ್ಲೇ, ಬೋರಲು..."

ಹಾಲಪ್ಪ ಹೊಳೆಯ ಕಡೆ ತಿರುಗಿ ನೋಡಿದ.

"ದುಗ್ಗವ್ವ ಕೂಗಿದಳು," ಅಂದ ಗುರು. "ನಾನೂ ಕೂಗಿದೆ. ನಿನ್ನ ಹೆಸರು ಹಿಡಿದೇ ಕೂಗಿದೆ."

"ಕೇಳಲಿಲ್ಲ ಅಯ್ಯಾ."

"ಹೊಳೆ ಅಗಲ ಇದೆ."

ಹಾಲಪ್ಪ ಜೇಬಿನಿಂದ ಪೆನ್ನು ತೆಗೆದ.

"ಈಗಲೇ ಬರ್ಕೊಂತೀನಿ. ಈ ದಡದೋರ ವಿರೋಧ ಇದೆ ಅಂತ. ಠರಾವೇನೂ ಬದಲಾಗಲ್ಲ, ಆ ಕಡೆ ಇಡೀ ಊರಿದೆ. ಆದ್ರೆ ನಿಮ್ಮ ಮಾತೂ ಸೇರಿದ ಹಾಗಾಯ್ತು."

ಗುರು ಎದ್ದು ಹೊಳೆಗೆ ಇಳಿದ.

"ಹುಲುಗಪ್ಪ, ನೀನು ಹೋಗಪ್ಪ."

"ಹಾಲಪ್ಪಣ್ಣ ಬರಲ್ವಾ?"

"ಅವನು ಇರ್ತಾನೆ."

"ಇರಲಿ ಬಿಡ್ರಿ," ಹುಲುಗಪ್ಪ ನಕ್ಕ. "ನನ್ನ ಕೆಲಸಾನೇ ತೆಗೆದೋರು, ಅವರಿಗೆ ಹರಿಗೋಲು ಯಾಕೆ?"

ಹಾಲಪ್ಪ ಓಡಿ ಬರುವಷ್ಟರಲ್ಲಿ ಹರಿಗೋಲು ನಡುಹೊಳೆ ಮುಟ್ಟಿತ್ತು.

"ಹುಲುಗಪ್ಪಾ!"

ಗಾಳಿ ಎದುರಿಗಿತ್ತು. ಅಂಬಿಗ ತಿರುಗಲಿಲ್ಲ. ಆ ದಡದಲ್ಲಿ ಒಂದೊಂದೇ ದೀಪ ಹತ್ತಿದವು. ಹಾಲಪ್ಪ ಗಂಟಲು ಒಡೆಯುವತನಕ ಕೂಗಿದ. ಗೊತ್ತಿದ್ದವರ ಹೆಸರನ್ನೆಲ್ಲ ಹಿಡಿದು ಕೂಗಿದ. ದುಗ್ಗವ್ವ ಬಾಗಿಲಿಗೆ ಬಂದು ನೋಡಿ ಒಳಗೆ ಹೋದಳು.

ಕೊನೆಗೆ ಹಾಲಪ್ಪ ಬಂದು ಗುರುವಿನ ಪಕ್ಕ ಮರಳಲ್ಲಿ ಕೂತ.

"ಅಯ್ಯಾ, ನಾನು ಆ ದಡ ಸೇರೋದು ಯಾವಾಗ?"

ಗುರು ನೀರನ್ನೇ ನೋಡುತ್ತಿದ್ದ.

"ಆ ದಡದೋರು ಸಭೆ ಸೇರಿ ಹೇಳ್ತಾರೆ."