ಲವಂಗದೆಣ್ಣೆ ಹಚ್ಚಿದ ನಾಲಿಗೆ

ಕೇಳಿ ಮಕ್ಕಳೇ. ಲವಂಗ ಹೊತ್ತ ಹಡಗುಗಳು ಬಂದು ನಿಲ್ಲುವ ಒಂದು ರಾಜ್ಯವಿತ್ತು. ಅಲ್ಲಿ ಸುಗ್ಗಲವ್ವ ಅಂತ ಒಬ್ಬಳು ಅತ್ತರು ಮಾಡುತ್ತಿದ್ದಳು. ತಾಮ್ರದ ಹಂಡೆಯಲ್ಲಿ ಲವಂಗ ಬೇಯಿಸಿ, ಆವಿ ಹಿಡಿದು, ಎಣ್ಣೆ ಇಳಿಸುವಳು. ಒಂದು ಬಟ್ಟಲು ಗಂಧದೆಣ್ಣೆಗೆ ಅದರದು ಒಂದೇ ತೊಟ್ಟು. ಅರಸನ ಶಲ್ಯಕ್ಕೆ ಅದೇ ಪರಿಮಳ.

ಒಮ್ಮೆ ಅರಸನಿಗೆ ಹಲ್ಲುನೋವು ಬಂತು. ಅವನ ತಮ್ಮ ಕೇತರಸ ಸುಗ್ಗಲವ್ವನ ಬಾಗಿಲಿಗೆ ಬಂದ. "ಅಣ್ಣನ ಹಲ್ಲಿಗೆ ನಾಲ್ಕು ತೊಟ್ಟು ಲವಂಗದೆಣ್ಣೆ ಕೊಡವ್ವ." ಕೊಟ್ಟಳು. ಮರುದಿನ ಬಂದ. "ಒಂದು ಚಮಚ ಕೊಡು." ಕೊಟ್ಟಳು. ಮೂರನೇ ದಿನ ಬಂದ. "ಒಂದು ಬಟ್ಟಲು ಕಳಿಸು, ಅಣ್ಣ ಬಾಯಿ ಮುಕ್ಕಳಿಸ್ತಾನೆ."

ಒಂದು ಹಲ್ಲಿಗೆ ಒಂದು ಬಟ್ಟಲೇ? ನಾಲಿಗೆಯೆಲ್ಲ ಮರಗಟ್ಟಿ ಹೋದೀತಲ್ಲ! ಮಾತು ಸುಗ್ಗಲವ್ವನ ಗಂಟಲ ತನಕ ಬಂತು. ದೊಡ್ಡವರ ಸಂಗತಿ ನನಗೇಕೆ ಅಂತ ನುಂಗಿಕೊಂಡಳು. ಗಂಡ ಗುರುಪಾದನ ಕೈಯಲ್ಲಿ ಎಣ್ಣೆ ಕಳಿಸಿದಳು.

ಅಂದು ಸಂಜೆ ಎಣ್ಣೆಯಲ್ಲಿ ಬಾಯಿ ಮುಕ್ಕಳಿಸಿ, ತಮ್ಮ ಕೊಟ್ಟ ಹಾಲು ಕುಡಿಯುತ್ತ ಕುಡಿಯುತ್ತಲೇ ಅರಸ ಸತ್ತ.

"ಎಣ್ಣೆಯಲ್ಲಿ ವಿಷ!" ಅಂತ ಕೇತರಸ ಕೂಗಿದ. ಬೆಳಗಾಗುತ್ತಲೇ ಎಣ್ಣೆ ತಂದ ಗುರುಪಾದನ ತಲೆ ಕಡಿಸಿದ. ಆಮೇಲೆ ಸುಗ್ಗಲವ್ವನ ಸರದಿ.

"ಕೊನೆಯ ಆಸೆ ಏನಮ್ಮ?" ಅಂತ ತುಂಬಿದ ಸಭೆಯಲ್ಲಿ ಕೇಳಿದ ಮುದಿ ಮಂತ್ರಿ.

"ನನ್ನ ಎಣ್ಣೆ ತರಿಸಿ, ಬುದ್ಧಿ. ಅರಸರು ಕುಡಿದು ಉಳಿಸಿದ ಹಾಲೂ ತರಿಸಿ."

ಎರಡೂ ಬಂದವು. ಸುಗ್ಗಲವ್ವ ನಾಲಿಗೆಗೆ ಎಣ್ಣೆ ಹಚ್ಚಿದಳು. ಒಂದು ಸಲ, ಎರಡು ಸಲ, ಮೂರು ಸಲ. ಕಣ್ಣಲ್ಲಿ ನೀರು ಬಂತು, ಜೀವ ಹೋಗಲಿಲ್ಲ. ಹಾಲಿನ ಬಟ್ಟಲು ಎತ್ತಿಕೊಂಡಳು.

ಕೇತರಸ ನಕ್ಕ. "ಕುಡಿ, ಕುಡಿ. ಮರಗಟ್ಟಿದ ನಾಲಿಗೆ ನಿಂದು, ಕಹಿ ಗೊತ್ತಾಗಲ್ಲ."

ಬಟ್ಟಲು ತುಟಿಯ ಹತ್ತಿರವೇ ನಿಂತಿತು. ಸುಗ್ಗಲವ್ವ ತೊದಲುತ್ತ ಕೇಳಿದಳು, "ಹಾಲು ಕಹಿ ಅಂತ ನಿಮಗೆ ಯಾರು ಹೇಳಿದ್ರು, ಬುದ್ಧಿ? ಕುಡಿದ ಅರಸರಿಗೇ ಗೊತ್ತಾಗಲಿಲ್ಲವಲ್ಲ!"

ಮಂತ್ರಿ ಬಟ್ಟಲನ್ನು ಕೇತರಸನ ಮುಂದೆ ಹಿಡಿದ.

"ನೀವು ಕುಡಿಯಿರಿ." ಕೇತರಸ ಕೈ ಚಾಚಲಿಲ್ಲ.

"ಹೋಗಲಿ, ಒಂದು ಗುಟುಕು." ಬಾಯಿ ತೆರೆಯಲಿಲ್ಲ.

"ಬೆರಳದ್ದಿ ನೆಕ್ಕಿ, ಸಾಕು."

ಕೇತರಸ ಓಟ ಕಿತ್ತ. ಬಾಗಿಲಲ್ಲೇ ಹಿಡಿದರು. ಗುರುಪಾದನ ನೆತ್ತರು ಆರದ ಕಲ್ಲಿನ ಮೇಲೆಯೇ ಅವನ ತಲೆಯೂ ಉರುಳಿತು.

ಸುಗ್ಗಲವ್ವ ಮನೆಗೆ ಹೋಗಿ ಹಂಡೆ ಬೋರಲು ಹಾಕಿದಳು. ಗಂಡನ ಅಂಗಿಯಲ್ಲಿದ್ದ ಲವಂಗದ ವಾಸನೆ ಎಷ್ಟು ಒಗೆದರೂ ಹೋಗಲಿಲ್ಲ.

ಇದರ ನೀತಿ ಇಷ್ಟು, ಮಕ್ಕಳೇ. ಬೇರೆಯವರ ನಾಲಿಗೆ ಮರಗಟ್ಟಿಸಿದವನು ತನ್ನ ನಾಲಿಗೆಯಿಂದಲೇ ಸಿಕ್ಕಿಬೀಳುತ್ತಾನೆ. ಆದರೆ ಅನುಮಾನ ಬಂದ ದಿನ ನೀವು ಮಾತು ನುಂಗಬೇಡಿ. ಸುಗ್ಗಲವ್ವ ನುಂಗಿದ ಒಂದು ಮಾತಿಗೆ ಗುರುಪಾದನ ತಲೆ ಹೋಯಿತು.