ಪೆಡಲಿನ ಅರ್ಧ ಸುತ್ತು

ಜನವರಿ ಏಳು, ಮಂಗಳವಾರ. ಆಕಾಶ ತಿಳಿಯಾಗಿತ್ತು. ಹೊಳೆಯ ಕಡೆಯಿಂದ ಚಳಿಗಾಳಿ ಬೀಸುತ್ತಿತ್ತು.

ಆಶ್ರಮದ ಅಂಗಳದಲ್ಲಿ ಮುರಿಗೆಪ್ಪ ಒಂದು ಬ್ಯಾಟರಿ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿಕೊಂಡು ಕೂತಿದ್ದ. ಮೋಟರ್ ವೈಂಡಿಂಗ್ ಅಂಗಡಿ ಮುಚ್ಚಿ ಗುರುಗಳ ಹತ್ತಿರ ಬಂದು ಅವನಿಗೆ ಎರಡು ವರ್ಷವಾಗಿತ್ತು. ಈ ಎರಡು ವರ್ಷದಲ್ಲಿ ಅವನು ಹಿಡಿದ ಕೆಲಸ ಒಂದೂ ಮುಗಿದಿರಲಿಲ್ಲ. ತೋಟದ ಪಂಪು ಅರ್ಧಕ್ಕೆ ನಿಂತಿತ್ತು. ಓದಲು ತೆಗೆದ ಪುಸ್ತಕವೂ ಅರ್ಧಕ್ಕೆ. ಧ್ಯಾನದ ಮಾತಂತೂ ಕೇಳುವುದೇ ಬೇಡ.

ಸೈಕಲ್ಲು ನೀಲಗಂಗಕ್ಕನದು. ಆಕೆ ಆಶಾ ಕಾರ್ಯಕರ್ತೆ. ನಾಲ್ಕು ಹಳ್ಳಿಗಳ ಬಸುರಿ, ಬಾಣಂತಿಯರ ಮನೆಗೆ ಹೋಗಿಬರಬೇಕು. ಮೊಣಕಾಲು ಸವೆದಿತ್ತು. ಈ ಸೈಕಲ್ಲೂ ಆಗಿಬರದಿದ್ದರೆ ಕೆಲಸ ಬಿಡುವುದೇ ಸರಿ ಎಂದು ಹೇಳಿ ಅದನ್ನು ಇಲ್ಲಿ ಬಿಟ್ಟುಹೋಗಿದ್ದಳು. ಹೋಗುವ ಮುಂಚೆ ಅದರ ರೋಗವನ್ನೂ ಹೇಳಿದ್ದಳು.

"ಮೂರು ಸುತ್ತು ತುಳಿದ ಮ್ಯಾಲೆ ಇದರ ಮೋಟರಿಗೆ ಎಚ್ಚರ ಆಗತೈತಿ, ತಮ್ಮ. ಅಷ್ಟರೊಳಗ ಏರಿನ್ಯಾಗ ನನ್ನ ಕಾಲು ಸೋತಿರತೈತಿ."

"ಕೈಯಾಗ ಎಕ್ಸಲರೇಟರ್ ಐತಲ್ಲಕ್ಕ. ತಿರುವಿದ್ರ ಆತು."

"ಬ್ಯಾಡೋ ಮಾರಾಯ. ತಿರುವಿದ್ರ ಅದು ನನ್ನ ಬಿಟ್ಟು ಓಡಾಕ ನೋಡತೈತಿ. ನಾ ತುಳಿಬೇಕು, ಅದು ದೂಡಬೇಕು. ಅಷ್ಟ ಮಾಡಿಕೊಡು."

ಮುರಿಗೆಪ್ಪ ಎಕ್ಸಲರೇಟರಿನ ವೈರು ಬಿಚ್ಚಿ ಟೇಪು ಸುತ್ತಿದ. ಪೆಡಲು ತಿರುಗಿದ್ದನ್ನು ಮೋಟರಿಗೆ ತಿಳಿಸಲು ಅಚ್ಚಿಗಿದ್ದ ಐದು ಅಯಸ್ಕಾಂತಗಳ ಬಿಲ್ಲೆ ತೆಗೆದು ಹನ್ನೆರಡರದು ಕೂರಿಸಿದ. ಈಗ ಪೆಡಲು ಅರ್ಧ ಸುತ್ತು ತಿರುಗಿದರೆ ಸಾಕು, ಮೋಟರು ಪೂರ್ತಿ ಬಲದಿಂದ ಏಳುತ್ತಿತ್ತು. ಅಂಗಳದಲ್ಲಿ ಎರಡು ಸುತ್ತು ಹೊಡೆದ. ಮುಗಿಯಿತು ಅನ್ನಿಸಿತು. ಒಂದು ಕೆಲಸವಾದರೂ ಮುಗಿಯಿತು.

ಆಶ್ರಮದ ಗುರುಗಳನ್ನು ಎಲ್ಲರೂ ಅಜ್ಜಾರು ಅನ್ನುತ್ತಿದ್ದರು. ಅರವತ್ತೆಂಟು ವರ್ಷ. ಮೇಲಿನ ಊರಿನ ಶಾಲೆಯಲ್ಲಿ ಏಳನೇ ತರಗತಿಗೆ ಲೆಕ್ಕ ಹೇಳಿಕೊಡಲು ದಿನವೂ ಆರು ಕಿಲೋಮೀಟರು ಸೈಕಲ್ ತುಳಿದು ಹೋಗುತ್ತಿದ್ದರು. ಹತ್ತೊಂಬತ್ತು ವರ್ಷದಿಂದ ಹಾಗೆಯೇ. ದಾರಿಯಲ್ಲಿ ಒಂದು ಕಡಿದಾದ ಏರು.

"ಅಜ್ಜಾರ, ಮೂರು ವಾರ ನೀವ ಇದನ್ನ ಓಡಿಸಿ ನೋಡ್ರಿ. ನಿಮಗ ಸರಿ ಆದ್ರ ಅಕ್ಕಗ ಕೊಡ್ತೇನಿ."

ಅಜ್ಜಾರು ಸೈಕಲ್ಲು ಹಿಡಿದು ಹೊರಟರು. ಸಂಜೆ ಬಂದರು.

"ಹೆಂಗೈತ್ರಿ?"

ಅಜ್ಜಾರು ಅವನನ್ನೇ ಒಂದು ಗಳಿಗೆ ನೋಡಿದರು. "ಛಲೋ ಐತಿ" ಅಂದರು.

ಮುರಿಗೆಪ್ಪ ಬ್ಯಾಟರಿ ನೋಡಿದ. ಐದು ದೀಪಕ್ಕೆ ಐದೂ ಹಸಿರು. ಮರುದಿನವೂ ಐದು. ಅದರ ಮರುದಿನವೂ ಐದು. ಹನ್ನೆರಡು ಕಿಲೋಮೀಟರಿಗೆ ಒಂದು ದೀಪವೂ ಆರುವುದಿಲ್ಲವೆಂದರೆ ತನ್ನ ಕೈಗುಣ ಎಂಥದು! ಅಡುಗೆಮನೆಯಲ್ಲಿ ಹೇಳಿದ. ಹಾಲು ತರುವವನಿಗೂ ಹೇಳಿದ.

"ಭಾಳ ಬೆವತೀರಲ್ರಿ ಅಜ್ಜಾರ?"

"ಏರು ಏರೇ ಅಲ್ಲೇನು" ಅಂದರು ಅವರು.

ಮೂರು ವಾರವಾದ ಮೇಲೆ ಸೈಕಲ್ಲನ್ನು ನೀಲಗಂಗಕ್ಕನಿಗೆ ಕೊಟ್ಟ. "ಅಜ್ಜಾರ ಪಾಸು ಮಾಡಿದ ಗಾಡಿ ಅಕ್ಕ" ಅಂದ.

ಮರುದಿನ ಸುದ್ದಿ ಬಂತು. ಏರಿನ ಬುಡದಲ್ಲಿ ಬಿದ್ದು ಆಕೆಯ ಬಲಗೈ ಮಣಿಕಟ್ಟು ಮುರಿದಿತ್ತು.

ಮುರಿಗೆಪ್ಪ ಓಡಿದ. ಆಕೆ ಮನೆಯ ಕಟ್ಟೆಯ ಮೇಲೆ ಕೂತಿದ್ದಳು, ಕೈಗೆ ಪ್ಲಾಸ್ಟರ್.

"ಏನಾತಕ್ಕ?"

"ನಿನ್ನ ಸೈಕಲ್ಲಿಗೆ ಭಾಳ ಅವಸರ ಐತೋ ತಮ್ಮ. ನಾ ಸೀರಿ ಸರಿಮಾಡಿಕೊಂಡು ಕೂರೂದರೊಳಗ ಅದೊಂದ ಬಸುರಿ ನೋಡಾಕ ಹೊಂಟಿತ್ತು."

ತಾನೇ ನಕ್ಕಳು. ನಗು ನಿಂತಿತು.

"ಸಾಕಿನ್ನ. ಬೇರೆಯವರನ್ನ ನೋಡಿಕೊಳ್ರಿ ಅಂತ ದವಾಖಾನಿಗೆ ಹೇಳಿಬಿಡ್ತೇನಿ."

ಮುರಿಗೆಪ್ಪ ಆಶ್ರಮಕ್ಕೆ ಮರಳಿದಾಗ ಅಜ್ಜಾರು ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದರು.

"ಅಜ್ಜಾರ, ಮೂರು ವಾರ ನಿಮ್ಮನ್ನ ಬೀಳಿಸಲಿಲ್ಲ. ಆಕಿನ್ನ ಒಂದ ದಿನಕ್ಕ ಬೀಳಿಸ್ತು. ಯಾಕ್ರಿ?"

ಅಜ್ಜಾರು ಒದ್ದೆ ಬಟ್ಟೆ ಹಿಂಡಿ ಕಲ್ಲಿನ ಮೇಲಿಟ್ಟರು.

"ನನ್ನನ್ನೂ ಬೀಳಿಸ್ತು. ಮೊದಲನೇ ದಿನ, ಅದ ಏರಿನ್ಯಾಗ."

"ಆಮ್ಯಾಲೆ?"

"ಆಮ್ಯಾಲೆ ದಿನಾ ಸೇತುವಿ ದಾಟಿದ ಕೂಡಲೇ ಬ್ಯಾಟರಿ ಕೀಲಿ ತಿರುವಿ ಬಂದ್ ಮಾಡತಿದ್ದೆ. ನನ್ನ ಕಾಲಲೇ ತುಳಿದೆ."

ಐದು ಹಸಿರು ದೀಪ ಮುರಿಗೆಪ್ಪನ ಕಣ್ಣ ಮುಂದೆ ಬಂತು.

"ಛಲೋ ಐತಿ ಅಂದ್ರಿ!"

"ಅಂದೆ. ಎರಡು ವರ್ಷದಾಗ ನೀ ಮುಗಿಸಿದ್ದು ಅದೊಂದ ಕೆಲಸ. ನಾಳಿ ಹೇಳಿದ್ರ ಆತು ಅನ್ಕೊಂಡೆ. ನಾಳಿಗೆ ಮತ್ತ ನಾಳಿ ಅಂದೆ."

"ಬೈದಿದ್ರ ಆವತ್ತ ಬಿಚ್ಚತಿದ್ದೆ ಅಜ್ಜಾರ. ಆಕಿ ಕೈ ಉಳೀತಿತ್ತು."

"ಹೌದು."

ಅವನು ಗುರುಗಳಿಗೆ ಹೀಗೆ ಎದುರಾಡಿದ್ದು ಇದೇ ಮೊದಲು. ಅಜ್ಜಾರು ಎದ್ದರು. ಬಟ್ಟೆ ಅಲ್ಲೇ ಬಿಟ್ಟು ನೀಲಗಂಗಕ್ಕನ ಮನೆಯ ಕಡೆ ನಡೆದರು. ಮುರಿಗೆಪ್ಪ ಹಿಂದೆ ಹೋದ.

ಅಜ್ಜಾರು ಬಾಗಿಲಲ್ಲಿ ನಿಂತೇ ಎಲ್ಲವನ್ನೂ ಹೇಳಿದರು. ಆಕೆ ಕೇಳಿಸಿಕೊಂಡಳು.

"ನಿಮಗೂ ಪೆಟ್ಟಾಗಿತ್ತೇನ್ರಿ?"

"ಮೊಣಕೈ ಕೆತ್ತಿತ್ತು."

"ತೋರಿಸಬೇಕಿತ್ತು."

"ಅಂಗಿ ತೋಳು ಇಳಿಸಿಕೊಂಡೆ, ತಂಗಿ." ಅಜ್ಜಾರು ಗೋಡೆಗೆ ಒರಗಿಸಿದ್ದ ಸೈಕಲ್ಲು ಹಿಡಿದರು. "ಕೆಲಸ ಬಿಡಬ್ಯಾಡ. ಕೈ ಕೂಡೋ ತನಕ ಹಿಂದ ಕ್ಯಾರಿಯರ್ ಮ್ಯಾಲೆ ಕೂರು. ನಾ ತುಳೀತೇನಿ."

"ಅಯ್ಯ! ಮಂದಿ ಏನಂದಾರ್ರಿ?"

"ಮುದುಕನ್ನ ಕೆಡವಬ್ಯಾಡವಾ ಅಂದಾರ."

ಮರುದಿನ ಬೆಳಗ್ಗೆ ಹೊರಟರು. ಆರು ವಾರ ಬರುವುದಿಲ್ಲವೆಂದು ಶಾಲೆಗೆ ಚೀಟಿ ಬರೆದು ಕಳಿಸಿದರು. ಮನೆಗಳ ಮುಂದೆ ನೀಲಗಂಗಕ್ಕ ಇಳಿದು ಒಳಗೆ ಹೋಗುವಳು. ಅಜ್ಜಾರು ಮರದ ನೆರಳಲ್ಲಿ ಸೈಕಲ್ಲು ಹಿಡಿದು ನಿಲ್ಲುವರು. ಬ್ಯಾಟರಿ ಕೀಲಿಯನ್ನು ಒಮ್ಮೆಯೂ ಬಂದ್ ಮಾಡಲಿಲ್ಲ.

ಸಂಜೆ ಮುರಿಗೆಪ್ಪ ಅಂಗಳದಲ್ಲಿ ಕಾಯುತ್ತಿದ್ದ.

"ಹೆಂಗೈತ್ರಿ?"

"ಕೆಟ್ಟೈತಿ. ಕತ್ತೆ ಒದ್ದಂಗ ದೂಡತೈತಿ."

ಅವನು ಮೋಟರಿಗೆ ಕರೆಂಟು ಅಳೆದು ಕೊಡುವ ಕಂಟ್ರೋಲರು ಬಿಚ್ಚಿದ. ಬಲ ಒಮ್ಮೆಲೇ ಬರದೆ ಮೆಲ್ಲಗೆ ಏರುವಂತೆ ಮಾಡಿದ.

"ಹೆಂಗೈತ್ರಿ?"

"ಮೊದಲಿನಷ್ಟು ಕೆಟ್ಟಿಲ್ಲ. ಕಾಲು ನಿಂತ ಮ್ಯಾಲೂ ದೂಡತೈತಿ."

ಬ್ರೇಕಿನ ಹಿಡಿಗೆ ವೈರು ಎಳೆದು, ಮುಟ್ಟಿದ ಕೂಡಲೇ ಮೋಟರು ನಿಲ್ಲುವಂತೆ ಮಾಡಿದ. ಅದೂ ಸಾಲಲಿಲ್ಲ. ಬಿಲ್ಲೆಯನ್ನು ಎರಡು ಸಲ ಬಿಚ್ಚಿ ಕೂರಿಸಿದ. ಒಂದು ಸಂಜೆ ಸಿಟ್ಟಿನಿಂದ ಸ್ಪ್ಯಾನರು ಎಸೆದ. ಮತ್ತೆ ತಾನೇ ಹೋಗಿ ಹುಡುಕಿ ತಂದ.

"ಹಿಂದ ಕೂತವರ ಸೊಂಟದ ಸುದ್ದೀನೂ ಬರಕೋ ತಮ್ಮ" ಎಂದು ನೀಲಗಂಗಕ್ಕ ಕ್ಯಾರಿಯರಿನಿಂದ ಇಳಿಯುತ್ತಾ ಹೇಳುವಳು. ಅವನು ಬರೆದುಕೊಳ್ಳುವನು.

ಈಗ ಸಂಜೆಗೆ ಬ್ಯಾಟರಿಯಲ್ಲಿ ಒಂದೇ ದೀಪ ಉಳಿಯುತ್ತಿತ್ತು. ಅದನ್ನು ನೋಡಿದರೆ ಅವನಿಗೆ ಸಮಾಧಾನವಾಗುತ್ತಿತ್ತು.

ಐದನೆಯ ವಾರದ ಒಂದು ದಿನ ಅಜ್ಜಾರು ಬಂದು, ಕೈಕಾಲು ತೊಳೆದು, ರೊಟ್ಟಿ ಮುರಿದು ಉಣ್ಣುತ್ತಾ ಕೂತರು.

"ಅಜ್ಜಾರ, ಇವತ್ತು ಹೆಂಗಿತ್ರಿ?"

"ಏನು?"

"ಸೈಕಲ್ಲು."

ಅಜ್ಜಾರು ಕೈ ನಿಲ್ಲಿಸಿ ಯೋಚಿಸಿದರು.

"ಇವತ್ತು ಅದರ ನೆನಪು ಬರಲಿಲ್ಲ."

ಮುರಿಗೆಪ್ಪ ಆಮೇಲೆ ಅದನ್ನು ಬಿಚ್ಚಲಿಲ್ಲ.

ಪ್ಲಾಸ್ಟರ್ ತೆಗೆದ ಮೇಲೆ ಒಂದು ಬೆಳಗ್ಗೆ ನೀಲಗಂಗಕ್ಕ ಒಬ್ಬಳೇ ಸೈಕಲ್ಲು ಹತ್ತಿದಳು. ಅಜ್ಜಾರೂ ಮುರಿಗೆಪ್ಪನೂ ಏರಿನ ಬುಡದಲ್ಲಿ ನಿಂತು ನೋಡಿದರು. ಆಕೆ ಕೂತಳು, ಸೆರಗು ಸಿಕ್ಕಿಸಿದಳು, ತುಳಿದಳು. ಸೈಕಲ್ಲು ಆಕೆಯ ಕಾಲಿನ ಜೊತೆಗೇ ಹೊರಟಿತು. ಅರ್ಧ ಏರಿನಲ್ಲಿ ಮುರಿಗೆಪ್ಪ ಉಸಿರು ಹಿಡಿದ. ಆಕೆ ನಿಲ್ಲಲಿಲ್ಲ. ತಿರುವಿನಾಚೆ ಮರೆಯಾದಳು.

ಇಬ್ಬರೂ ಆಶ್ರಮದ ಕಡೆ ನಡೆದರು.

"ಇನ್ನ ನಾಳಿಯಿಂದ ನೀವು ಶಾಲಿಗೆ ಹೋಗಬಹುದಲ್ರಿ" ಅಂದ ಮುರಿಗೆಪ್ಪ.

"ಅಲ್ಲಿ ಹೊಸ ಮಾಸ್ತರು ಬಂದಾರ. ಪರೀಕ್ಷಿ ಹತ್ರ ಬಂತು, ಹುಡುಗರನ್ನ ಸುಮ್ನ ಕೂಡ್ರಿಸಾಕ ಬರೂದಿಲ್ಲ ಅಂತ ಹೆಡ್ ಮಾಸ್ತರು ಹೇಳಿ ಕಳಿಸಿದ್ರು. ಹಂಗಾರ ಹೊಸಬರನ್ನ ತಗೋರಿ ಅಂದೆ."

ಮುರಿಗೆಪ್ಪ ನಿಂತುಬಿಟ್ಟ.

"ಹತ್ತೊಂಬತ್ತು ವರ್ಷ, ಅಜ್ಜಾರ! ನೀವು ಹೋಗಿ ಒಂದು ಮಾತು ಕೇಳಿದ್ರ ಬಿಟ್ಟುಕೊಡತಾರ."

"ನಿನ್ನಿ ಹೋಗಿದ್ದೆ."

"ಹುಡುಗರು ಏನಂದ್ರು?"

ಅಜ್ಜಾರು ನಡೆಯುತ್ತಲೇ ಹೇಳಿದರು:

"'ಹೊಸ ಮಾಸ್ತರು ಹೇಳಿದ್ರ ನಮಗ ಲೆಕ್ಕ ತಿಳೀತೈತ್ರಿ' ಅಂದ್ರು."